ಅಕ್ಕನ ಪುಸ್ತಕ ತಮ್ಮನಿಗೆ ಯಾಕೆ ಆಗಲಿಲ್ಲ?

ನಮ್ಮ ಪಕ್ಕದ ಮನೆಯ ಹುಡುಗಿ 2023ರಲ್ಲಿ ಬಿ.ಕಾಂ.ಗೆ ಸೇರಿದಳು. ಮಾರನೇ ವರ್ಷ ಅವಳ ತಮ್ಮನೂ ಅದೇ ಕಾಲೇಜು, ಅದೇ ಬಿ.ಕಾಂ. ಅಕ್ಕ ತನ್ನ ಮೊದಲ ವರ್ಷದ ಪುಸ್ತಕ, ನೋಟ್ಸು, ಹಳೇ ಪ್ರಶ್ನೆಪತ್ರಿಕೆ ಎಲ್ಲವನ್ನೂ ದಾರದಲ್ಲಿ ಕಟ್ಟಿ ತಮ್ಮನಿಗೆಂದೇ ಅಟ್ಟದ ಮೇಲೆ ಇಟ್ಟಿದ್ದಳು. ತಮ್ಮ ಕಾಲೇಜಿನಿಂದ ತಂದ ಸಿಲಬಸ್ಸನ್ನು ಪಕ್ಕದಲ್ಲಿಟ್ಟು ನೋಡಿದರೆ ಪೇಪರಿನ ಹೆಸರು ಬೇರೆ, ಅಂಕದ ಲೆಕ್ಕ ಬೇರೆ. ಆ ಕಟ್ಟು ಕೊನೆಗೆ ಹಳೇ ಪೇಪರಿನವನ ತಕ್ಕಡಿಗೆ ಹೋಯಿತು. ಅವರಮ್ಮ ಕಾಂಪೌಂಡಿನ ಆ ಕಡೆಯಿಂದಲೇ ಕೇಳಿದರು: ‘ಯೂನಿವರ್ಸಿಟಿಯವರು ಬದಲಾಯಿಸಿದ್ದಾರಂತೆ ಮೇಷ್ಟ್ರೇ. ಯೂನಿವರ್ಸಿಟಿಯವರು ಅಂದ್ರೆ ಯಾರು?’

ನಾನು ಕಾಲೇಜು ಮೇಷ್ಟ್ರು. ಒಂದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯಲ್ಲಿ ಕೆಲವು ವರ್ಷ ಕೂತು ಎದ್ದು ಬಂದವನು. ಆದರೂ ಆ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಕೊಡಲು ಆಗಲಿಲ್ಲ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಮೊದಲು ಹೆಸರುಗಳ ಗೊಂದಲ ತೀರಿಸಿಬಿಡೋಣ. ಮೈಸೂರು, ಬೆಂಗಳೂರು, ಧಾರವಾಡದ ಕರ್ನಾಟಕ, ಮಂಗಳೂರು, ಕುವೆಂಪು, ಗುಲ್ಬರ್ಗ, ಹೀಗೆ ನಮ್ಮ ಹೆಚ್ಚಿನ ಸಾಮಾನ್ಯ ವಿಶ್ವವಿದ್ಯಾಲಯಗಳು ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ ಪ್ರಕಾರ. ಇದರಲ್ಲಿ ರಾಜ್ಯಪಾಲರು ಕುಲಾಧಿಪತಿ. ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ದಿನನಿತ್ಯ ಆಫೀಸಿನಲ್ಲಿ ಕೂತು ವಿಶ್ವವಿದ್ಯಾಲಯ ನಡೆಸುವವರು ಕುಲಪತಿ, ಅಂದರೆ ವೈಸ್ ಛಾನ್ಸಲರ್. ಕುವೆಂಪು 1956ರಿಂದ 1960ರವರೆಗೆ ಮೈಸೂರಿನಲ್ಲಿ ಇದೇ ಹುದ್ದೆಯಲ್ಲಿದ್ದಾಗ ಕನ್ನಡದಲ್ಲಿ ಅದನ್ನು ‘ಉಪಕುಲಪತಿ’ ಅನ್ನುತ್ತಿದ್ದರು. ಆಮೇಲೆ ‘ಉಪ’ ಉದುರಿಹೋಯಿತು. ಅಧಿಕಾರ ಅದರಿಂದ ಜಾಸ್ತಿ ಆಯಿತು ಅಂತೇನೂ ಇಲ್ಲ.

ಕುಲಪತಿ ಆಯ್ಕೆ ಹೀಗೆ: ಶೋಧನಾ ಸಮಿತಿ ಮೂರು ಹೆಸರು ಕೊಡುತ್ತದೆ. ರಾಜ್ಯ ಸರ್ಕಾರದ ಸಹಮತ ಪಡೆದು ರಾಜ್ಯಪಾಲರು ಅದರಲ್ಲಿ ಒಬ್ಬರನ್ನು ನೇಮಿಸುತ್ತಾರೆ. ಅವಧಿ 4 ವರ್ಷ. ಕುಲಪತಿಯ ಕೈಕೆಳಗೆ ಇಬ್ಬರು ಕುಲಸಚಿವರು: ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಮೌಲ್ಯಮಾಪನಕ್ಕೆ. ಫಲಿತಾಂಶ ತಡವಾದಾಗ ವಿದ್ಯಾರ್ಥಿಗಳು ಧಿಕ್ಕಾರ ಕೂಗುವುದು ಎರಡನೆಯವರ ಕಚೇರಿ ಎದುರು.

ಇವರೆಲ್ಲ ಅಧಿಕಾರಿಗಳು. ಆದರೆ ಸಿಲಬಸ್ ಬದಲಾಯಿಸುವುದು, ಪಾಸಿನ ಅಂಕ ನಿಗದಿ ಮಾಡುವುದು, ಹೊಸ ಕೋರ್ಸು ತೆರೆಯುವುದು ಅಧಿಕಾರಿಗಳ ಕೆಲಸ ಅಲ್ಲ, ಸಭೆಗಳ ಕೆಲಸ. ಕಾನೂನು ಹೇಳುವುದು ಹಾಗೆ. ಆ ಸಭೆಗಳು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಇವೆ. ಕೆಳಗಿನ ಮೆಟ್ಟಿಲು ಅಧ್ಯಯನ ಮಂಡಳಿ. ಎಲ್ಲರ ಬಾಯಲ್ಲೂ ಅದು ಬಿಓಎಸ್. ಅದರ ಮೇಲೆ ನಿಕಾಯ, ಅಂದರೆ ಕಲೆ, ವಿಜ್ಞಾನ, ವಾಣಿಜ್ಯ ಹೀಗೆ ಡೀನ್ ಒಬ್ಬರ ಅಡಿಯಲ್ಲಿ ಬರುವ ಗುಂಪು. ಅದರ ಮೇಲೆ ವಿದ್ಯಾವಿಷಯಕ ಪರಿಷತ್ತು. ಹಣ, ನೇಮಕಾತಿ, ಆಸ್ತಿಯ ವಿಚಾರಕ್ಕೆ ಸಿಂಡಿಕೇಟ್.

ಬಿಓಎಸ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪ್ರತಿ ವಿಷಯಕ್ಕೂ ಒಂದು ಮಂಡಳಿ: ಕನ್ನಡಕ್ಕೊಂದು, ವಾಣಿಜ್ಯಕ್ಕೊಂದು, ಸಸ್ಯಶಾಸ್ತ್ರಕ್ಕೊಂದು. ವಿಶ್ವವಿದ್ಯಾಲಯದ ವಿಭಾಗದವರು, ಕಾಲೇಜುಗಳಿಂದ ಬಂದ ನಮ್ಮಂಥವರು, ಬೇರೆ ವಿಶ್ವವಿದ್ಯಾಲಯದ ಬಾಹ್ಯ ಸದಸ್ಯರು ಇರುತ್ತಾರೆ. ನಾನು ಮೊದಲ ಸಲ ಹೋದಾಗ ಸಭೆ 11 ಗಂಟೆಗೆ ಅಂತ ನೋಟಿಸು. ಬಾಹ್ಯ ಸದಸ್ಯರ ಬಸ್ಸು ಬಂದದ್ದು ಹನ್ನೆರಡಕ್ಕೆ. ಉಪ್ಪಿಟ್ಟು, ಟೀ ಆಯಿತು. ಹಾಜರಿ ಪುಸ್ತಕಕ್ಕೆ ಸಹಿ, ಟಿಎ-ಡಿಎ ಫಾರಂಗೆ ಸಹಿ. ‘ಹಿಂದಿನ ಸಭೆಯ ನಡಾವಳಿ ದೃಢೀಕರಣ’ ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಮೂರನೇ ಸೆಮಿಸ್ಟರಿನ ಒಂದು ಪೇಪರನ್ನು 4 ಕ್ರೆಡಿಟ್‌ನಿಂದ 3ಕ್ಕೆ ಇಳಿಸುವ ವಿಷಯ ಬಂತು ನೋಡಿ, ಎರಡು ಗಂಟೆ ಕದನ. ಒಬ್ಬ ಹಿರಿಯರು ಚಾಳೀಸು ತೆಗೆದು ಮೇಜಿನ ಮೇಲೆ ಕುಕ್ಕಿದರು. ಇನ್ನೊಬ್ಬರು ಎದ್ದು ಹೋಗಿ ಕಾರಿಡಾರಿನಲ್ಲಿ ನಿಂತು ವಾಪಸ್ ಬಂದರು. ‘ಜ್ಞಾನದ ಗುಣಮಟ್ಟ’ ಅನ್ನುವ ಮಾತು ಎಷ್ಟು ಸಲ ಬಂತೋ ಲೆಕ್ಕ ಇಡಲಿಲ್ಲ.

ಒಂದು ಕ್ರೆಡಿಟ್ಟಿಗೆ ಇಷ್ಟು ಜಗಳವೇ ಅಂತ ನನಗೆ ಅವತ್ತು ಆಶ್ಚರ್ಯ ಆಗಿತ್ತು. ಸಂಜೆ ಬಸ್ಸಿನಲ್ಲಿ ಪಕ್ಕ ಕೂತ ಸದಸ್ಯರೊಬ್ಬರು ಟಿಕೆಟ್ಟಿನ ಹಿಂದೆ ಲೆಕ್ಕ ಬರೆದು ತೋರಿಸಿದರು. ಪಾಠದ ಪೇಪರಿಗೆ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ. ಅವರ ಕಾಲೇಜಿನಲ್ಲಿ ಆ ಪೇಪರಿಗೆ 4 ಸೆಕ್ಷನ್. ಒಂದು ಕ್ರೆಡಿಟ್ ಇಳಿದರೆ ವಾರಕ್ಕೆ 4 ಗಂಟೆ ಹೋಯಿತು. ಇಂಥ 4 ಪೇಪರಿಗೆ ಕತ್ತರಿ ಬಿದ್ದರೆ 16 ಗಂಟೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2018ರ ನಿಯಮದಲ್ಲಿ ಒಬ್ಬ ಸಹಾಯಕ ಪ್ರಾಧ್ಯಾಪಕ ವಾರಕ್ಕೆ ಪಾಠ ಮಾಡಬೇಕಾದದ್ದು ಎಷ್ಟು? 16 ಗಂಟೆ. ಅಂದರೆ ಆ ಕಾಲೇಜಿನಲ್ಲಿ ಒಬ್ಬರ ಕೆಲಸವೇ ಇಲ್ಲವಾಗುತ್ತದೆ. ಕಾಯಂ ಆದವರು ಬೇರೆ ಊರಿಗೆ ವರ್ಗ ಆಗಬಹುದು. ಅತಿಥಿ ಉಪನ್ಯಾಸಕರಾದರೆ ಮನೆಗೇ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥ ಅತಿಥಿಗಳು ಸುಮಾರು 10 ಸಾವಿರ ಇದ್ದಾರೆ. ಅವರ ಅನ್ನ ನಿಂತಿರುವುದು ‘ಕಾರ್ಯಭಾರ’, ಅಂದರೆ ವಾರದ ಪಾಠದ ಗಂಟೆಗಳ ಲೆಕ್ಕ, ಅನ್ನುವ ಪದದ ಮೇಲೆ. ಹಾಗಾಗಿ ಬಿಓಎಸ್‌ನಲ್ಲಿ ಭಾಷಾ ಪೇಪರು ಬೇಕೋ ಬೇಡವೋ, ಐಚ್ಛಿಕ ವಿಷಯ ಎರಡೋ ಮೂರೋ ಅನ್ನುವ ಚರ್ಚೆ ನಡೆಯುವಾಗ ಮೇಜಿನ ಮೇಲೆ ಸಿಲಬಸ್ ಇರುತ್ತದೆ, ಮೇಜಿನ ಕೆಳಗೆ ಟೈಮ್‌ಟೇಬಲ್ ಇರುತ್ತದೆ. ಇದನ್ನು ಸ್ವಾರ್ಥ ಅಂತ ಬಯ್ಯುವುದು ಸುಲಭ. ಕೆಲವೊಮ್ಮೆ ಸ್ವಾರ್ಥವೇ ಹೌದು. ವರ್ಷಾನುಗಟ್ಟಲೆ ಬದಲಾಗದ ಸಿಲಬಸ್ಸಿಗೆ ಅಪ್ಪಿಕೊಂಡು ಕೂತವರನ್ನು ನಾನೂ ನೋಡಿದ್ದೇನೆ. ಹೊಸದು ಬಂದರೆ ಹೊಸ ನೋಟ್ಸು ಬರೆಯಬೇಕಲ್ಲ! ಆದರೆ ಪಾಠ ಮಾಡಲು ಜನವೇ ಇಲ್ಲದ ಪೇಪರನ್ನು ಚೆಂದಕ್ಕೆ ಸಿಲಬಸ್ಸಿನಲ್ಲಿ ಬರೆದಿಟ್ಟರೆ ಏನು ಬಂತು? ಆ ಪೇಪರನ್ನು ಬಳ್ಳಾರಿಯ ಯಾವುದೋ ತಾಲ್ಲೂಕಿನ ಕಾಲೇಜಿನಲ್ಲಿ ಯಾರು ಹೇಳಿಕೊಡುತ್ತಾರೆ ಅಂತ ಕೇಳುವವರು ಇರುವುದು ಈ ಕೆಳಗಿನ ಮೆಟ್ಟಿಲಲ್ಲಿ ಮಾತ್ರ. ಮೇಲೆ ಹೋದಂತೆ ಆ ಪ್ರಶ್ನೆ ಕಾಣೆಯಾಗುತ್ತದೆ.

ಅವತ್ತಿನ ಎರಡು ಗಂಟೆಯ ಕದನ ನಡಾವಳಿಯಲ್ಲಿ ಏನಾಗಿ ಬಂತು ಗೊತ್ತಾ? ‘ವಿಷಯವನ್ನು ಚರ್ಚಿಸಿ ಅನುಮೋದಿಸಲಾಯಿತು.’ ಅಷ್ಟೇ. ಚಾಳೀಸು ಕುಕ್ಕಿದ್ದು ಇಲ್ಲ, ತಾಲ್ಲೂಕಿನ ಕಾಲೇಜಿನ ಮಾತು ಇಲ್ಲ. ಮುಂದಿನ ಮೆಟ್ಟಿಲಿನವರ ಕೈಗೆ ಸಿಗುವುದು ಈ ಒಂದು ಸಾಲು.

ಆ ಮುಂದಿನ ಮೆಟ್ಟಿಲು ಅಂದರೆ ಮುಖ್ಯವಾಗಿ ವಿದ್ಯಾವಿಷಯಕ ಪರಿಷತ್ತು. ಕುಲಪತಿಯೇ ಅಧ್ಯಕ್ಷರು. ಡೀನ್‌ಗಳು, ವಿಭಾಗಗಳ ಮುಖ್ಯಸ್ಥರು, ಪ್ರಾಂಶುಪಾಲರು ಹೀಗೆ ದೊಡ್ಡ ಸಭೆ. ಓದಿಗೆ ಸಂಬಂಧಪಟ್ಟ ವಿಷಯದಲ್ಲಿ ಇದರ ಮಾತೇ ದೊಡ್ಡದು: ಪ್ರವೇಶದ ಅರ್ಹತೆ, ಹಾಜರಾತಿ, ಪರೀಕ್ಷೆಯ ರೀತಿ, ಪದವಿಯ ವಿನಿಯಮ. ಆದರೆ ಒಂದೇ ದಿನದಲ್ಲಿ ಎಷ್ಟೋ ವಿಷಯಗಳ ಎಷ್ಟೋ ಸಿಲಬಸ್ ಮುಂದೆ ಬರುತ್ತವೆ. ಕಾರ್ಯಸೂಚಿಯೇ ಒಂದು ಪುಸ್ತಕದಷ್ಟು ದಪ್ಪ. ರಸಾಯನಶಾಸ್ತ್ರದವರು ಕನ್ನಡದ ಸಿಲಬಸ್ಸಿನ ಬಗ್ಗೆ ಏನು ಹೇಳಿಯಾರು? ಹಾಗಾಗಿ ಹೆಚ್ಚಿನವು ಕೈ ಎತ್ತುವ ಮೊದಲೇ ಪಾಸಾಗುತ್ತವೆ. ಸುಮ್ನೆ ಕೂತವರನ್ನು ದೂರಿ ಪ್ರಯೋಜನ ಇಲ್ಲ, ಸಭೆಯ ಗಾತ್ರವೇ ಹಾಗಿದೆ. ಇಂಥ ಕಡೆ ನಿಜವಾದ ಅಧಿಕಾರ ಇರುವುದು ಕಾರ್ಯಸೂಚಿ ಬರೆಯುವವರ ಬಳಿ. ಯಾವ ವಿಷಯ ಮೊದಲು, ಯಾವುದು ಊಟದ ಮುಂಚೆ, ಯಾವುದು ‘ಅಧ್ಯಕ್ಷರ ಅನುಮತಿಯೊಂದಿಗೆ ಇತರ ವಿಷಯ’ ಅನ್ನುವ ಕೊನೇ ಸಾಲಿನಲ್ಲಿ ನುಸುಳಿ ಬರುತ್ತದೆ ಅನ್ನುವುದನ್ನು ಗಮನಿಸಿದರೆ ಸಾಕು, ತುಂಬಾ ತಿಳಿಯುತ್ತದೆ.

ಸಿಂಡಿಕೇಟಿನ ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ. ಸರ್ಕಾರ ನಾಮನಿರ್ದೇಶನ ಮಾಡಿದವರು, ರಾಜ್ಯಪಾಲರು ಹೆಸರಿಸಿದವರು, ಕೆಲವು ಡೀನ್‌ಗಳು ಮತ್ತು ಪ್ರಾಂಶುಪಾಲರು ಇರುವ ಚಿಕ್ಕ ಸಭೆ. ಸರ್ಕಾರ ಬದಲಾದರೆ ಇದರ ಮುಖಗಳೂ ಬದಲಾಗುತ್ತವೆ. ಹಳೇ ಕಾಯ್ದೆಯಲ್ಲಿ, ಅಂದರೆ 1976ರದ್ದರಲ್ಲಿ, ಇದರ ಜೊತೆ ಸೆನೆಟ್ ಅಂತ ಇನ್ನೊಂದು ದೊಡ್ಡ ಸಭೆಯೂ ಇತ್ತು. 2000ದ ಕಾಯ್ದೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಸೆನೆಟ್ ಅಂದರೆ ಬರೀ ರಾಜಕೀಯ, ಗಲಾಟೆ ಅನ್ನುವವರು ಈಗಲೂ ಇದ್ದಾರೆ. ಇರಬಹುದು. ಆದರೆ ಗಲಾಟೆ ಮಾಡುವ ಜಾಗ ಹೋದರೆ ಪ್ರಶ್ನೆ ಕೇಳುವ ಜಾಗವೂ ಹೋಗುತ್ತದೆ, ಅಲ್ವಾ?

ಈಗ ಈ ಇಡೀ ಮೆಟ್ಟಿಲ ಸಾಲನ್ನು ಪಕ್ಕಕ್ಕಿಡುವ ಒಂದು ಪದ ಹೇಳುತ್ತೇನೆ. ‘ಘಟನೋತ್ತರ ಅನುಮೋದನೆ’. ಘಟನೆ ಆದ ಮೇಲೆ ಕೊಡುವ ಒಪ್ಪಿಗೆ. ಮದುವೆ ಮುಗಿಸಿ, ಊಟ ಹಾಕಿಸಿ, ಆಮೇಲೆ ಜಾತಕ ನೋಡಿದ ಹಾಗೆ. ತುರ್ತು ಇದ್ದಾಗ ಕುಲಪತಿ ತಾವೇ ಕ್ರಮ ತೆಗೆದುಕೊಂಡು, ಆ ವಿಷಯ ಮಾಮೂಲಾಗಿ ಯಾವ ಸಭೆಗೆ ಬರಬೇಕಿತ್ತೋ ಅಲ್ಲಿಗೆ ವರದಿ ಮಾಡಬಹುದು ಅಂತ ಕಾಯ್ದೆಯಲ್ಲೇ ದಾರಿ ಇದೆ. ಬೇಕಾದ ದಾರಿಯೇ. ಕೋವಿಡ್ ಲಾಕ್‌ಡೌನ್ ಬಂದಾಗ ಪರಿಷತ್ತು ಸೇರುವವರೆಗೆ ಪರೀಕ್ಷೆಯ ವಿಷಯ ಕಾಯುತ್ತಿತ್ತೇ? ತೊಂದರೆ ಏನು ಅಂದರೆ, ನಮ್ಮಲ್ಲಿ ತುರ್ತು ಅನ್ನುವುದು ಪ್ರತಿ ಜೂನ್‌ನಲ್ಲೂ ಬರುತ್ತದೆ. ಪ್ರವೇಶ ಶುರುವಾಗಿರುತ್ತದೆ, ಆದೇಶ ಮೇಲಿಂದ ಈಗ ತಾನೇ ಬಂದಿರುತ್ತದೆ, ಸಭೆ ಕರೆಯಲು ಸಮಯ ಇರುವುದಿಲ್ಲ. ಸುತ್ತೋಲೆ ಮೊದಲು ಹೋಗುತ್ತದೆ, ಸಭೆ ಹಿಂದಿನಿಂದ ಓಡಿ ಬರುತ್ತದೆ. ಆ ಹೊತ್ತಿಗೆ ಮಕ್ಕಳು ಮೊದಲ ಇಂಟರ್ನಲ್ ಟೆಸ್ಟ್ ಬರೆದಿರುತ್ತಾರೆ. ಸಭೆಯಲ್ಲಿ ಕೂತವರು ಬೇಡ ಅನ್ನುವುದಾದರೂ ಹೇಗೆ?

ಅಕ್ಕ-ತಮ್ಮನ ಕಥೆ ನಡೆದದ್ದು ಈ ಹಾದಿಯಲ್ಲೇ. ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಶಿಕ್ಷಣ ನೀತಿಗೆ (ಎನ್‌ಇಪಿ) ಒಪ್ಪಿಗೆ ಕೊಟ್ಟದ್ದು 2020ರ ಜುಲೈ 29ರಂದು. ದೇಶದಲ್ಲಿ ನಾವೇ ಮೊದಲು ಅಂತ ಕರ್ನಾಟಕ 2021ರ ಆಗಸ್ಟ್ 7ರಂದು ಆದೇಶ ಹೊರಡಿಸಿತು, ಅದೇ ಶೈಕ್ಷಣಿಕ ವರ್ಷದಿಂದ ಜಾರಿ. ಪದವಿ 4 ವರ್ಷ, ನಡುವೆ ಹೊರಗೆ ಹೋಗುವ ಅವಕಾಶ, ಬಿ.ಎ., ಬಿ.ಎಸ್ಸಿ.ಗಳಲ್ಲಿ ಮೂರು ಐಚ್ಛಿಕ ವಿಷಯದ ಬದಲು ಎರಡು. ನಮ್ಮ ತಲೆಮಾರಿನವರು ‘ನಾನು ಪಿಸಿಎಂ’, ‘ನಾನು ಹೆಚ್‌ಇಪಿ’ ಅಂತ ಹೇಳಿಕೊಳ್ಳುತ್ತಿದ್ದ ಆ ಮೂರರ ಜೋಡಿ ಮುರಿಯಿತು. ಮಾದರಿ ಪಠ್ಯಕ್ರಮ ಸಿದ್ಧವಾದದ್ದು ರಾಜ್ಯಮಟ್ಟದ ಸಮಿತಿಗಳಲ್ಲಿ. ಬಿಓಎಸ್‌ಗೆ ಬಂದಾಗ ಅದನ್ನು ಸ್ವಲ್ಪ ಅಲ್ಲಿ ಇಲ್ಲಿ ತಿದ್ದುವಷ್ಟು ಮಾತ್ರ ಉಳಿದಿತ್ತು. ಮೆಟ್ಟಿಲು ತಲೆಕೆಳಗಾಯಿತು: ಮೇಲಿನಿಂದ ಕೆಳಕ್ಕೆ ಬಂದದ್ದನ್ನು ಕೆಳಗಿನವರು ‘ಚರ್ಚಿಸಿ ಅನುಮೋದಿಸಿದರು’.

ಅದರಲ್ಲೇ ಪದವಿಯಲ್ಲಿ ಕನ್ನಡ ಕಡ್ಡಾಯ ಅನ್ನುವ ಅಂಶವೂ ಇತ್ತು. ಅದು ಹೈಕೋರ್ಟಿಗೆ ಹೋಯಿತು. ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ಕನ್ನಡವನ್ನು ಕಡ್ಡಾಯ ಮಾಡುವಂತಿಲ್ಲ ಅಂತ 2022ರ ಏಪ್ರಿಲ್‌ನಲ್ಲಿ ಮಧ್ಯಂತರ ಆದೇಶ ಬಂತು. ಇಲ್ಲಿ ಕುವೆಂಪು ಕಾಲದ ದಾರಿ ನೆನಪಾಗುತ್ತದೆ. ಕನ್ನಡದಲ್ಲಿ ಪದವಿ ಓದುವ ಹಾದಿ ತೆರೆಯುವಾಗ ಮೈಸೂರು ವಿಶ್ವವಿದ್ಯಾಲಯ ಇಂಗ್ಲಿಷನ್ನು ಎತ್ತಿ ಹಾಕಲಿಲ್ಲ, ಪಕ್ಕದಲ್ಲಿ ಕನ್ನಡವನ್ನೂ ಇಟ್ಟಿತು, ಕನ್ನಡದಲ್ಲಿ ಪುಸ್ತಕ ತರುವ ಕೆಲಸಕ್ಕೂ ಕೈ ಹಾಕಿತು. ವಿರೋಧ ಆಗಲೂ ಇತ್ತು. ಆದರೆ ಆ ಕೆಲಸಕ್ಕೆ ಮುಂದೆ ನಿಂತದ್ದು ವಿಶ್ವವಿದ್ಯಾಲಯವೇ. ಆಗಸ್ಟ್‌ನಲ್ಲಿ ಆದೇಶ ಬಂದು ಕೆಲವೇ ವಾರದಲ್ಲಿ ಪಾಠ ಶುರು ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ.

2023ರಲ್ಲಿ ಸರ್ಕಾರ ಬದಲಾಯಿತು. ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗ ರಚನೆ. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ: 2024-25ರಿಂದ ಪದವಿ ಮತ್ತೆ 3 ವರ್ಷ, ಮೂರು ಐಚ್ಛಿಕಗಳು ವಾಪಸ್. ಮೇ ಆದೇಶ, ಜೂನ್-ಜುಲೈ ಪ್ರವೇಶ. ಪಠ್ಯಕ್ರಮ ಬರೆಯಲು ಸಿಕ್ಕ ಸಮಯ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಇನ್ನು ಆಯೋಗದ ಅಂತಿಮ ವರದಿ ಸರ್ಕಾರದ ಕೈಗೆ ಬಂದದ್ದು 2025ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ತಮ್ಮ ಒಂದು ವರ್ಷ ಮುಗಿಸಿ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದ.

ಹೀಗಾಗಿ 2024ರಲ್ಲಿ ನಮ್ಮ ಸ್ಟಾಫ್ ರೂಮಿನ ಸ್ಥಿತಿ ಹೇಗಿತ್ತು ಅಂದರೆ, ಒಬ್ಬರೇ ಮೇಷ್ಟ್ರು ಬೆಳಿಗ್ಗೆ ಮೊದಲ ವರ್ಷಕ್ಕೆ ಎಸ್‌ಇಪಿ ಪಾಠ, ಮಧ್ಯಾಹ್ನ ಎರಡು ಮತ್ತು ಮೂರನೇ ವರ್ಷಕ್ಕೆ ಎನ್‌ಇಪಿ ಪಾಠ. ಎನ್‌ಇಪಿಗೂ ಹಿಂದಿನ ಸ್ಕೀಮಿನಲ್ಲಿ ಪೇಪರ್ ಉಳಿಸಿಕೊಂಡವರು ಪರೀಕ್ಷೆ ಹೊತ್ತಿಗೆ ಬರುತ್ತಿದ್ದರು. ಒಂದೇ ಕೋಣೆಯಲ್ಲಿ ಮೂರು ಬಣ್ಣದ ಪ್ರಶ್ನೆಪತ್ರಿಕೆ ಕವರು. ತಪ್ಪಿ ಒಂದನ್ನು ಒಡೆದರೆ ಮುಗಿಯಿತು ಕಥೆ. ಇಂಟರ್ನಲ್ ಅಂಕ ಒಂದು ಬ್ಯಾಚಿಗೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿ. ಈ ಎರಡು ನೀತಿಗಳಲ್ಲಿ ಯಾವುದು ಒಳ್ಳೆಯದು ಅಂತ ನಾನು ಇಲ್ಲಿ ಹೇಳುತ್ತಿಲ್ಲ. ಎರಡರಲ್ಲೂ ಒಳ್ಳೆಯದಿದೆ, ಎರಡರಲ್ಲೂ ಅವಸರ ಇದೆ. ಎರಡೂ ಬಂದದ್ದು ಒಂದೇ ಬಾಗಿಲಿಂದ, ಆ ಬಾಗಿಲು ವಿಶ್ವವಿದ್ಯಾಲಯದ್ದಲ್ಲ.

ಹಾಗಾದರೆ ಸರ್ಕಾರಕ್ಕೆ ಅಷ್ಟು ಅಧಿಕಾರ ಎಲ್ಲಿಂದ ಬಂತು? ಶಿಕ್ಷಣ ಮೊದಲು ರಾಜ್ಯಗಳ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿಯಿಂದ ಅದು ಕೇಂದ್ರ-ರಾಜ್ಯ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ಹೋಯಿತು. ಉನ್ನತ ಶಿಕ್ಷಣದ ಗುಣಮಟ್ಟ ನಿಗದಿ ಮಾಡುವುದಂತೂ ಸಂವಿಧಾನದಲ್ಲಿ ಮೊದಲಿಂದಲೂ ಕೇಂದ್ರದ ಕೆಲಸ. ಅದನ್ನು ಯುಜಿಸಿ 1956ರ ಕಾಯ್ದೆ ಪ್ರಕಾರ ಮಾಡುತ್ತದೆ. ರಾಜ್ಯ ಸಂಬಳ ಕೊಡುತ್ತದೆ, ಯುಜಿಸಿ ನಿಯಮ ಕೊಡುತ್ತದೆ. ನಡುವೆ ಸಿಕ್ಕಿಕೊಂಡದ್ದು ವಿಶ್ವವಿದ್ಯಾಲಯ. ಇಲ್ಲಿ ಒಂದು ಸೂಕ್ಷ್ಮ ಇದೆ. ಯುಜಿಸಿ ‘ಮಾರ್ಗಸೂಚಿ’ ಅಂದರೆ ಸಲಹೆ, ‘ನಿಯಮಾವಳಿ’ ಅಂದರೆ ಕಟ್ಟಳೆ. ಎರಡನೆಯದನ್ನು ಮೀರಿದರೆ ಏನಾಗುತ್ತದೆ ಅಂತ ಕೇರಳಕ್ಕೆ 2022ರ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಅಲ್ಲಿನ ಎ.ಪಿ.ಜೆ. ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿ ನೇಮಕವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸಮಿತಿ ಹೆಸರುಗಳ ಪಟ್ಟಿ ಕೊಡುವ ಬದಲು ಒಂದೇ ಹೆಸರು ಕೊಟ್ಟಿತ್ತು, ಅದು ಯುಜಿಸಿ ನಿಯಮಕ್ಕೆ ವಿರುದ್ಧ ಅಂತ.

ಕುಲಾಧಿಪತಿಯ ಕುರ್ಚಿಗೂ ಜಗ್ಗಾಟ ಇದೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಆಗಲಿ ಅನ್ನುವ ಮಸೂದೆಯನ್ನು ನಮ್ಮ ವಿಧಾನಸಭೆ 2024ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಮರು ತಿಂಗಳೇ ಯುಜಿಸಿ ಕುಲಪತಿ ಆಯ್ಕೆ ಬಗ್ಗೆ ಹೊಸ ಕರಡು ನಿಯಮ ಬಿಟ್ಟಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ವಿರೋಧಿಸಿದವು. ಈ ಜಗ್ಗಾಟದಲ್ಲಿ ರಾಜಭವನದ ಹೆಸರು ಬರುತ್ತದೆ, ವಿಧಾನಸೌಧದ ಹೆಸರು ಬರುತ್ತದೆ, ದೆಹಲಿಯ ಹೆಸರು ಬರುತ್ತದೆ. ಬಿಓಎಸ್‌ನ ಹೆಸರು ಮಾತ್ರ ಎಲ್ಲೂ ಕೇಳುವುದಿಲ್ಲ.

ನನಗೆ ಅನ್ನಿಸುವುದು ಇಷ್ಟು. ವಿಶ್ವವಿದ್ಯಾಲಯ ತುಂಬಾ ನಿಧಾನ ಅಂತ ಎಲ್ಲರೂ ಬಯ್ಯುತ್ತಾರೆ. ಒಂದು ಪೇಪರ್ ಬದಲಾಯಿಸಲು ನಾಲ್ಕು ಸಭೆ ಯಾಕೆ ಅಂತ. ನಾಲ್ಕು ಸಭೆ ನಡೆದಿದ್ದರೆ ಆ ಪುಸ್ತಕದ ಕಟ್ಟಿನ ಬಗ್ಗೆ ಒಂದು ಕಡೆಯಾದರೂ ಮಾತು ಬರುತ್ತಿತ್ತು. ನಿಧಾನ ನಮ್ಮ ರೋಗ ಅಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಜೂನ್‌ನಲ್ಲಿ ಓಡುವುದು ರೋಗ.

ಮೊನ್ನೆ ಆ ಹುಡುಗಿ ಮರುಮೌಲ್ಯಮಾಪನದ ಸುತ್ತೋಲೆ ಹಿಡಿದು ಬಂದಿದ್ದಳು. ಅವಳಿಗೆ ಓದುವ ವಿಧಾನ ಹೇಳಿಕೊಟ್ಟೆ. ಸುತ್ತೋಲೆಯಲ್ಲಿ ವಿಷಯಕ್ಕಿಂತ ಮೊದಲು ‘ಉಲ್ಲೇಖ’ ನೋಡಬೇಕು. ಅಲ್ಲಿ 1, 2, 3 ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ: ಯಾವ ಸರ್ಕಾರಿ ಆದೇಶ, ಯಾವ ಸಭೆಯ ಯಾವ ತೀರ್ಮಾನ, ಕುಲಪತಿಯವರ ಅನುಮೋದನೆ ಯಾವ ದಿನ. ಸಭೆಯ ಹೆಸರಿದ್ದರೆ ಅದರ ನಡಾವಳಿಯನ್ನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕೆಲವು ಕಡೆ ವೆಬ್‌ಸೈಟಿನಲ್ಲೇ ಸಿಗುತ್ತದೆ.

ಅವಳು ಬೆರಳಿಟ್ಟು ಓದುತ್ತಾ ಹೋದಳು. ಮೂರನೇ ಸಾಲಿಗೆ ಬಂದು ನಿಂತಳು.

‘ಸರ್, ಇಲ್ಲಿ ಪರಿಷತ್ತಿನ ಅನುಮೋದನೆಯ ನಿರೀಕ್ಷೆಯಲ್ಲಿ ಅಂತಿದೆ. ಅಂದ್ರೆ ಸಭೆ ಇನ್ನೂ ಆಗಿಲ್ವಾ?’

‘ಆಗಿಲ್ಲಮ್ಮ.’

‘ಫೀಸ್ ಕಟ್ಟೋಕೆ ನಾಳೆನೇ ಕೊನೇ ದಿನ.’